‘ಹೆದರಬೇಡಿ’ ಎಂದು ಬರೆಯುತ್ತಿದ್ದ ಲಲ್ಲಾ ನಜೀಹಾ

ತಂತ್ರಾಂಶವನ್ನು ಕಟ್ಟಿದವರ ಹೆಸರು ಅದರ ಮೊದಲ ಪರದೆಯಲ್ಲೇ ಮೂಡುತ್ತದೆ. ಕಟ್ಟಿದ್ದನ್ನು ಊರೂರಿನ ಕೈಗಳಿಗೆ ಹತ್ತಿಸಿದವರ ಹೆಸರು ಎಲ್ಲಿಯೂ ಮೂಡುವುದಿಲ್ಲ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಲೋಕದಲ್ಲಿ ಮಾರುವವನೂ ಇಲ್ಲ, ಕೆಟ್ಟರೆ ಬಂದು ನೋಡುವ ರಿಪೇರಿಯವನೂ ಇಲ್ಲ. ಬಳಸುವವರೇ ಬಳಸುವವರಿಗೆ ಹೇಳಿಕೊಡಬೇಕು. ಟುನೀಶಿಯಾದ ಶಾಲೆ, ಪುರಸಭೆ, ಮಸೀದಿ, ಮನೆತನಗಳ ಸಣ್ಣ ಗ್ರಂಥಾಲಯಗಳು ತಮ್ಮ ಪುಸ್ತಕಗಳ ಪಟ್ಟಿಯನ್ನು ಇಟ್ಟುಕೊಳ್ಳುವ ‘ರಫ್’ ಎಂಬ ತಂತ್ರಾಂಶ ಇಪ್ಪತ್ತೊಂದು ವರ್ಷ ಹೀಗೆಯೇ ಬಾಳಿದೆ. ಆ ಇಪ್ಪತ್ತೊಂದು ವರ್ಷವೂ ಅದರ ಬಳಕೆದಾರರ ಅಂತರ್ಜಾಲ ವೇದಿಕೆಯಲ್ಲಿ, ಪ್ರಶ್ನೆ ಯಾವ ಊರಿನದೇ ಆಗಿರಲಿ, ಉತ್ತರದ ಕೆಳಗೆ ಹೆಚ್ಚಾಗಿ ಕಾಣುತ್ತಿದ್ದ ಹೆಸರು ಒಂದೇ: ನಜೀಹಾ ಗರ್ಗೂರಿ, ಸ್ಫಾಕ್ಸ್.

ನಾವೆಲ್ಲ ‘ಲಲ್ಲಾ’, ಅಂದರೆ ಅಮ್ಮಾವರು, ಎಂದು ಕರೆಯುವ ಶ್ರೀಮತಿ ನಜೀಹಾ ಅವರು ಬರುವ ಜೂನ್ ಕೊನೆಗೆ ಸ್ಫಾಕ್ಸ್ ಪುರಸಭೆಯ ಶಾಖಾ ಗ್ರಂಥಾಲಯದಿಂದ ನಿವೃತ್ತರಾಗುತ್ತಾರೆ. ಅದೇ ದಿನ ವೇದಿಕೆಯ ಹೊಣೆಯನ್ನೂ ಕೆಳಗಿಡುತ್ತಾರೆ. ಈ ಅಭಿನಂದನ ಸಂಪುಟದ ವಿಷಯ ಹೇಳಲು ನಮ್ಮ ಬಳಕೆದಾರರ ಸಮಿತಿಯವರು ಮನೆಗೆ ಹೋದಾಗ ಅವರು ಮೊದಲು ಬೇಡವೇ ಬೇಡ ಎಂದರು. ಬಾದಾಮಿ ಹಾಕಿದ ಚಹಾ ಕೊಟ್ಟ ಮೇಲೆ ಒಂದು ಷರತ್ತು ಹಾಕಿದರು.

“ಬರೀರಿ, ನಿಮ್ಮ ಕೈ ಹಿಡಿಯೋಕಾಗಲ್ಲ. ಆದ್ರೆ ಜೆರ್ಬಾದ ವಿಷಯ ಬಿಟ್ಟು ಬರೆದ್ರೆ ಆ ಪುಸ್ತಕಾನ ನನ್ನ ಹೊಸ್ತಿಲು ದಾಟಿಸಬೇಡಿ.”

ಅಭಿನಂದನ ಗ್ರಂಥಗಳಲ್ಲಿ ತಪ್ಪುಗಳಿಗೆ ಪುಟವಿರುವುದಿಲ್ಲ. ಇಲ್ಲಿ ಇದೆ. ಅವರ ಮಾತಿಗೆ ಕಟ್ಟುಬಿದ್ದು, ಮನಸ್ಸಿಲ್ಲದ ಮನಸ್ಸಿನಿಂದ, ಈ ಬರಹ ಆ ಕಡೆಗೇ ನಡೆಯಬೇಕಾಗಿದೆ.

ಅವರು ಕೆಲಸಕ್ಕೆ ಸೇರಿದ್ದು ೧೯೮೯ರಲ್ಲಿ. ಪಟ್ಟಿಯೆಂದರೆ ಆಗ ಮರದ ಡ್ರಾಯರುಗಳಲ್ಲಿ ಜೋಡಿಸಿಟ್ಟ ರಟ್ಟಿನ ಕಾರ್ಡುಗಳು. ೨೦೦೪ರ ವಸಂತದಲ್ಲಿ ಮುರಾದ್ ಶ್ತೂರು ಎಂಬ ಇಂಜಿನಿಯರು ಒಂದು ಸಿ.ಡಿ. ಹಿಡಿದು ಗ್ರಂಥಾಲಯಕ್ಕೆ ಬಂದರು. ರಫ್ ಕಟ್ಟಿದ ನಾಲ್ವರಲ್ಲಿ ಅವರೊಬ್ಬರು. ಇಂದಿಗೂ ಅದನ್ನು ಕಾಯುತ್ತ ಉಳಿದಿರುವವರು ಅವರೊಬ್ಬರೇ. ಎಲ್ಲವನ್ನೂ ತೋರಿಸಿ ಮುಗಿಸಿದ ಮೇಲೆ ನಜೀಹಾ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಇದು ಕೆಟ್ಟರೆ ಯಾರನ್ನ ಕರೀಬೇಕು?”

“ಯಾರನ್ನೂ ಇಲ್ಲ ಲಲ್ಲಾ. ವೇದಿಕೆಯಲ್ಲಿ ಬರೀಬೇಕು. ಗೊತ್ತಿದ್ದವರು ಹೇಳ್ತಾರೆ.”

“ಗೊತ್ತಿದ್ದವರು ಎಷ್ಟು ಜನ ಇದ್ದಾರೆ?”

ಮುರಾದ್ ತಲೆ ಕೆರೆದುಕೊಂಡು, “ನಾಲ್ಕು. ನೀವು ಕಲಿತ್ರೆ ಐದು,” ಎಂದರು.

ಆರು ವಾರದ ಮೇಲೆ ಕೆಬಿಲಿಯ ಶಾಲಾ ಶಿಕ್ಷಕಿಯೊಬ್ಬರ ಪ್ರಶ್ನೆ ವೇದಿಕೆಗೆ ಬಂತು: ಅರಬ್ಬಿ ಪುಸ್ತಕಗಳ ಹೆಸರು ಮುದ್ರಿಸಿದರೆ ಅಕ್ಷರಗಳು ಬಿಡಿಬಿಡಿಯಾಗಿ ಬರುತ್ತಿವೆ, ಏನು ಮಾಡಲಿ? ನಾಲ್ವರು ಇಂಜಿನಿಯರುಗಳೂ ಫ್ರೆಂಚಿನಲ್ಲೇ ಬರೆಯುವವರು. ಅರಬ್ಬಿಯಲ್ಲಿ ಬಂದ ಆ ಪ್ರಶ್ನೆ ಹನ್ನೊಂದು ದಿನ ಅನಾಥವಾಗಿ ಬಿದ್ದಿತ್ತು. ಉತ್ತರ ನಜೀಹಾ ಅವರಿಗೂ ಗೊತ್ತಿರಲಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಬೇಕೆಂದೇ ಅದೇ ತೊಂದರೆಯನ್ನು ಮಾಡಿಕೊಂಡು, ಎರಡು ಮಧ್ಯಾಹ್ನ ಅದರ ಜೊತೆ ಗುದ್ದಾಡಿ, ಪರಿಹಾರ ಕಂಡ ಮೇಲೆ ಅರಬ್ಬಿಯಲ್ಲೇ ಬರೆದರು: “ಹೆದರಬೇಡಿ. ನಿಮ್ಮ ಪುಸ್ತಕಗಳು ಎಲ್ಲಿಗೂ ಹೋಗಿಲ್ಲ. ಅಕ್ಷರಗಳು ಒಂದಕ್ಕೊಂದು ಹಿಡಿದಿದ್ದ ಕೈ ಬಿಟ್ಟಿವೆ, ಅಷ್ಟೇ.” ಅದರ ಕೆಳಗೆ ಏಳು ಹೆಜ್ಜೆಗಳು, ಒಂದೊಂದಕ್ಕೂ ಒಂದೊಂದು ಸಾಲು.

ಆ ಮೊದಲ ಉತ್ತರದಲ್ಲೇ ಅವರ ಕ್ರಮವೆಲ್ಲ ಇತ್ತು. ತಾವು ಮಾಡಿ ನೋಡದೆ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಕೇಳಿದವರ ಭಾಷೆಯಲ್ಲೇ ಹೇಳುತ್ತಿದ್ದರು. ಏನೇ ಹೇಳುವ ಮುಂಚೆಯೂ, ಯಾವ ಊರಿನಲ್ಲೋ ಕಂಪ್ಯೂಟರಿನ ಮುಂದೆ ದಿಕ್ಕುತೋಚದೆ ಕೂತ ಒಬ್ಬರನ್ನು ಕಣ್ಣ ಮುಂದೆ ತಂದುಕೊಂಡು, “ಹೆದರಬೇಡಿ” ಎಂದು ಬರೆಯುತ್ತಿದ್ದರು. ವೇದಿಕೆಗೆ ಅವರು ಇನ್ನೊಂದು ರೂಢಿಯನ್ನೂ ಹಾಕಿಕೊಟ್ಟರು. ಪ್ರಶ್ನೆ ಕೇಳಿದವರು ಹೇಳಿದಂತೆ ಮಾಡಿ ನೋಡಿ, ಮರಳಿ ಬಂದು, ಏನಾಯಿತೆಂದು ಬರೆಯಬೇಕು; ಸರಿಹೋಗಿದ್ದರೆ ಉತ್ತರದ ಪಕ್ಕಕ್ಕೆ ಹಸಿರು ಗುರುತು ಹಾಕಬೇಕು. ಮುಂದೆ ಅದೇ ಉತ್ತರದಿಂದ ಉಪಯೋಗ ಪಡೆದವರೂ ತಮ್ಮದೊಂದು ಹಸಿರು ಗುರುತು ಸೇರಿಸಬೇಕು. “ಸಿಕ್ಕಿತು, ಧನ್ಯವಾದ” ಎಂದಷ್ಟೇ ಬರೆದು ಮಾಯವಾದ ಬಿಜೆರ್ತೆಯ ಮೇಷ್ಟರೊಬ್ಬರಿಗೆ ಅವರು ಬರೆದ ಸಾಲು ಇವತ್ತಿಗೂ ನಮ್ಮಲ್ಲಿ ಗಾದೆಯಂತೆ ಓಡಾಡುತ್ತದೆ: “ಬಾವಿ ನೀರು ಸೇದಿ ಕುಡಿದು, ಹಗ್ಗ ಕೊಯ್ದುಕೊಂಡು ಹೋದಿರಲ್ಲ ಮೇಷ್ಟ್ರೇ.” ಮೇಷ್ಟರು ಮರುದಿನವೇ ಬಂದು ಒಂದು ಪುಟ ಬರೆದರು.

ದುಡಿದು ಬಂದು, ಅಡುಗೆ ಮಾಡಿ, ಮಕ್ಕಳ ಪಾಠ ನೋಡಿ, ಆಮೇಲೆ ಗುರುತಿಲ್ಲದವರ ತೊಂದರೆಗೆ ಕುಳಿತುಕೊಳ್ಳುವುದೆಂದರೆ ಏನೆಂದು ಅಂಥ ಮನೆ ನಡೆಸಿದವರಿಗೇ ಗೊತ್ತು. ಮೂವರು ಮಕ್ಕಳನ್ನು ಸಾಕಿಕೊಂಡೇ ನಜೀಹಾ ಅವರು ಅದನ್ನು ಮಾಡಿದರು. ತತಾವೀನಿನ ಶಾಲೆಗೆ ಅರಬ್ಬಿ ಅಕ್ಷರದ ಕೀಲಿಮಣೆ ಸಿಗಲಿಲ್ಲವೆಂದಾಗ, ಬಿಳಿ ಕಾಗದದ ಚೂರುಗಳ ಮೇಲೆ ಅಕ್ಷರಗಳನ್ನು ಕೈಯಾರೆ ಬರೆದು, ಅಂಟು ಟೇಪು ಹಚ್ಚಿ, ಲುವಾಜ್ ವ್ಯಾನಿನ ಚಾಲಕನ ಕೈಯಲ್ಲಿ ಲಕೋಟೆ ಕಳಿಸಿದರು. ಗಾಫ್ಸಾದ ಒಬ್ಬ ವೃದ್ಧ ಗ್ರಂಥಪಾಲಕರಿಗೆ ಫೋನಿನಲ್ಲಿ ಮೂರು ಗಂಟೆ ದಾರಿ ತೋರಿಸಿದ್ದೂ ಉಂಟು. ಕೊನೆಗೆ ಗೊತ್ತಾದದ್ದು ಅವರ ಪರದೆಗೆ ವಿದ್ಯುತ್ ತಂತಿಯನ್ನೇ ಸಿಕ್ಕಿಸಿರಲಿಲ್ಲವೆಂದು. ಆಗ ನಜೀಹಾ ಅವರು ನಗಲಿಲ್ಲ. “ಎಲ್ಲರಿಗೂ ಆಗತ್ತೆ ಸೀದಿ,” ಎಂದರು. ನಕ್ಕವರು ಅವರ ಯಜಮಾನರು.

“ನಮ್ಮನೇಲಿ ಮೀನಿನ ಕೂಸ್ಕೂಸ್ ತಣ್ಣಗಾಗ್ತಾ ಇರತ್ತೆ, ಗಾಫ್ಸಾದಲ್ಲಿ ಪರದೆ ಬೆಳಗ್ತಾ ಇರತ್ತೆ! ಸ್ಫಾಕ್ಸಿನವರು ಜಿಪುಣರು ಅಂತ ಯಾರ್ರೀ ಹೇಳಿದ್ದು?”

ಹೀಗೆ ಸೇರಿದ ಉತ್ತರಗಳ ಲೆಕ್ಕ ಒಂಬತ್ತು ಸಾವಿರದ ನಾನೂರ ಹನ್ನೆರಡು.

ಅವುಗಳಲ್ಲಿ ಒಂದನ್ನು ಅವರು ೨೦೦೯ರಲ್ಲಿ ಬರೆದರು. ರಫ್‌ನ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವುದು ಹೇಗೆಂಬ ಪ್ರಶ್ನೆಗೆ ಕೊಟ್ಟ ಉತ್ತರ ಅದು. “ಹೆದರಬೇಡಿ. ಹಳೆಯ ಪಟ್ಟಿಯನ್ನು ಖಾಲಿ ಮಾಡಿ, ಹೊಸದನ್ನು ಹಾಕಿಕೊಳ್ಳಿ. ಖಾಲಿ ಮಾಡುವ ಮುನ್ನ ರಫ್ ತಾನಾಗಿಯೇ ಒಂದು ಪ್ರತಿ ತೆಗೆದಿಟ್ಟಿರುತ್ತದೆ. ಅದನ್ನು ಒಳಗೆ ಕರೆದುಕೊಂಡರೆ ಮುಗಿಯಿತು.” ಆ ಕಾಲಕ್ಕೆ ಪ್ರತಿಯೊಂದು ಮಾತೂ ನಿಜ. ಅವರು ಮಾಡಿ ನೋಡಿಯೇ ಬರೆದಿದ್ದರು. ಮುನ್ನೂರ ನಲವತ್ತು ಜನ ಅದರ ಪಕ್ಕದಲ್ಲಿ ಹಸಿರು ಗುರುತು ಹಾಕಿದರು. ಅಷ್ಟು ಗುರುತು ಬಿದ್ದ ಉತ್ತರ ವೇದಿಕೆಯಲ್ಲಿ ಬೇರೊಂದಿರಲಿಲ್ಲವಾದ್ದರಿಂದ, ಆವೃತ್ತಿ ಬದಲಿಸುವ ಬಗ್ಗೆ ಯಾರು ಏನು ಹುಡುಕಿದರೂ ಅದೇ ಮೊದಲು ಕಾಣುತ್ತಿತ್ತು.

ಇದಾದ ಮರುವರ್ಷ, ೨೦೧೦ರ ಶರತ್ಕಾಲದಲ್ಲಿ, ‘ಜೆರ್ಬಾದ ಮುದುಕ’ ಎಂಬ ಹೆಸರಿನಲ್ಲಿ ಒಬ್ಬರು ವೇದಿಕೆಗೆ ಬಂದರು. ಅವರು ಸ್ಲಿಮಾನ್ ಬೆನ್ ಯಾಲಾ; ಎಲ್ಲರ ಬಾಯಲ್ಲಿ, ಗೌರವದ ‘ಸಿ’ ಸೇರಿ, ಸಿ ಸ್ಲಿಮಾನ್. ಜೆರ್ಬಾ ದ್ವೀಪದಲ್ಲಿ ಅವರ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಾವಿರದ ಏಳುನೂರ ನಲವತ್ತು ಹಸ್ತಪ್ರತಿಗಳಿದ್ದವು. ಎಪ್ಪತ್ತು ದಾಟಿದ ಮೇಲೆ ಅವರು ಕಂಪ್ಯೂಟರು ಕಲಿತು, ಒಂದು ಬೆರಳಿನಲ್ಲಿ ಅವುಗಳ ಪಟ್ಟಿ ಹೊಡೆಯತೊಡಗಿದ್ದರು. ಪುಸ್ತಕದ ಹೆಸರು, ಬರೆದವರ ಹೆಸರು, ಹಾಳೆಗಳ ಸಂಖ್ಯೆ ಅವರಿಗೆ ಸಾಲುತ್ತಿರಲಿಲ್ಲ. ಪ್ರತಿಯೊಂದರ ಟಿಪ್ಪಣಿಯ ಜಾಗದಲ್ಲಿ, ಇದನ್ನು ನಕಲು ಮಾಡಿದವನ ಎಡಗೈ ಬರಹ ಎಲ್ಲಿ ಸೋಲುತ್ತದೆ, ಯಾವ ಅಜ್ಜಿ ಇದನ್ನು ಎಣ್ಣೆಯ ಖಾಲಿ ಗುಡಾಣದಲ್ಲಿ ಅಡಗಿಸಿಟ್ಟಳು, ಯಾರ ಮದುವೆಗೆ ಇದನ್ನು ಎರವಲು ಒಯ್ದವರು ಅಂಚಿನಲ್ಲಿ ಏನು ಗೀಚಿ ತಂದರು ಎಂದೆಲ್ಲ ಬರೆಯುತ್ತಿದ್ದರು. ಆ ಕಾಗದಗಳಲ್ಲಿ ಇಲ್ಲದ, ಅವರ ತಲೆಯಲ್ಲಿ ಮಾತ್ರ ಇದ್ದ ಸಂಗತಿಗಳು ಅವು.

ಟಿಪ್ಪಣಿಯ ಜಾಗ ಇನ್ನೂರ ಐವತ್ತು ಅಕ್ಷರಕ್ಕೆ ಮುಗಿದುಹೋಗುತ್ತಿತ್ತು. ಸಿ ಸ್ಲಿಮಾನ್ ವೇದಿಕೆಯಲ್ಲೇ ಜಗಳಕ್ಕೆ ನಿಂತರು. “ನಿನ್ನ ಯಂತ್ರಕ್ಕೆ ಹೇಳು ಮಗಳೇ, ನಮ್ಮಜ್ಜಿ ಬಾಯಿ ಇಷ್ಟು ಬೇಗ ಮುಚ್ತಾ ಇರಲಿಲ್ಲ ಅಂತ.” ನಜೀಹಾ ಅವರು ಮುರಾದರ ಬೆನ್ನು ಹತ್ತಿ ಆ ಜಾಗವನ್ನು ಹಿಗ್ಗಿಸಿದರು. ಇವತ್ತು ನಾವೆಲ್ಲ ಬಳಸುವ ಉದ್ದನೆಯ ಟಿಪ್ಪಣಿ ಆ ಅಜ್ಜಿಯ ಕೊಡುಗೆ.

ಒಂಬತ್ತು ವರ್ಷದಲ್ಲಿ ಸಿ ಸ್ಲಿಮಾನ್ ಅರವತ್ತೊಂದು ಪ್ರಶ್ನೆ ಕೇಳಿದರು. ಪ್ರತಿ ರಂಜಾನಿನಲ್ಲೂ ಲುವಾಜ್ ಹಿಡಿದು ಒಂದು ಡಬ್ಬಿ ಖರ್ಜೂರ ಸ್ಫಾಕ್ಸಿಗೆ ಬರುತ್ತಿತ್ತು. ಇಬ್ಬರೂ ಮುಖ ನೋಡಿರಲಿಲ್ಲ. ೨೦೧೯ರಲ್ಲಿ, ಕೊನೆಯ ಹಸ್ತಪ್ರತಿಯ ಟಿಪ್ಪಣಿ ಮುಗಿಸಿದ ನಾಲ್ಕನೆಯ ತಿಂಗಳು, ಅವರು ತೀರಿಕೊಂಡರು.

ಆ ಮನೆಯಲ್ಲಿ ಉಳಿದವರು ಮಗಳು ಝಕಿಯಾ, ಪ್ರಾಥಮಿಕ ಶಾಲೆಯ ಶಿಕ್ಷಕಿ. ೨೦೨೧ರ ಮಾರ್ಚಿನಲ್ಲಿ ತಂದೆಯ ಕಂಪ್ಯೂಟರು ನಿಧಾನವಾಗಿ, ಪಟ್ಟಿ ತೆರೆಯುವುದೇ ಕಷ್ಟವಾದಾಗ, ಅವರು ರಫ್‌ನ ಹೊಸ ಆವೃತ್ತಿ ಹಾಕಲು ಹೊರಟರು. ವೇದಿಕೆಯಲ್ಲಿ ಹುಡುಕಿದರು. ಮುನ್ನೂರ ನಲವತ್ತು ಹಸಿರು ಗುರುತಿನ ಉತ್ತರ ಸಿಕ್ಕಿತು. ಕೆಳಗಿನ ಹೆಸರು ತಂದೆಯ ಬಾಯಲ್ಲಿ ಸದಾ ಕೇಳುತ್ತಿದ್ದ ಹೆಸರು. ಹೇಳಿದಂತೆ, ಒಂದಕ್ಷರ ಹೆಚ್ಚುಕಡಿಮೆ ಮಾಡದೆ, ಮಾಡಿದರು.

ರಫ್‌ನ ನಾಲ್ಕನೆಯ ಆವೃತ್ತಿಯಿಂದ ಆ ತಾನಾಗಿಯೇ ಪ್ರತಿ ತೆಗೆಯುವ ಏರ್ಪಾಡನ್ನು ಕೈಬಿಟ್ಟಿದ್ದರು; ಜೆರ್ಬಾದ ಕಂಪ್ಯೂಟರಿನಲ್ಲಿದ್ದದ್ದು ಆ ನಾಲ್ಕನೆಯದೇ. ಬಿಡುಗಡೆಯ ಟಿಪ್ಪಣಿಯಲ್ಲಿ ಅದಕ್ಕೆ ಮೂರು ಸಾಲು ಮೀಸಲಾಗಿತ್ತು. ಆ ಮೂರು ಸಾಲನ್ನು ನಜೀಹಾ ಅವರು ಓದಿದ್ದರು. ಅಷ್ಟೇ ಅಲ್ಲ, ವೇದಿಕೆಯ ಇನ್ನೊಂದು ಮೂಲೆಯಲ್ಲಿ ಯಾರಿಗೋ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಹಿಂದಕ್ಕೆ ಹೋಗಿ ತಮ್ಮ ಹಳೆಯ ಉತ್ತರವನ್ನು ತಿದ್ದಿರಲಿಲ್ಲ. ಅಂಗಡಿಯ ಔಷಧಿ ಹಳತಾದರೆ ಶೀಶೆಯ ಮೇಲೆ ದಿನಾಂಕವಿರುತ್ತದೆ. ಉತ್ತರ ಹಳತಾದರೆ ಅದರ ಹಸಿರು ಗುರುತುಗಳು ಮಾತ್ರ ಹೆಚ್ಚುತ್ತವೆ. ಪ್ರಶ್ನೆಯ ಮೇಲೆ ಪ್ರಶ್ನೆ ಬರುವ ನಮ್ಮಂಥ ಕಡೆ ಮುಂದಿನ ಪ್ರಶ್ನೆ ಕಾಣುತ್ತದೆ, ಹಿಂದಿನ ಉತ್ತರ ಕಾಣುವುದಿಲ್ಲ. ಇದು ನಮ್ಮಲ್ಲಿ ಯಾರು ಬೇಕಾದರೂ ಮಾಡಬಹುದಾಗಿದ್ದ ತಪ್ಪು. ಮಾಡಿದವರು ನಮ್ಮೆಲ್ಲರಿಗಿಂತ ಹೆಚ್ಚು ಎಚ್ಚರದವರು.

ಝಕಿಯಾ ವೇದಿಕೆಯ ರೂಢಿಯನ್ನು ಮುರಿಯಲಿಲ್ಲ. ಮರಳಿ ಬಂದು ಬರೆದರು: “ನೀವು ಹೇಳಿದಂತೆ ಮಾಡಿದೆ. ಪಟ್ಟಿ ಖಾಲಿಯಾಗಿದೆ. ಪ್ರತಿ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.”

ನಜೀಹಾ ಅವರು ಅದನ್ನು ಓದಿದ್ದು ಬೆಳಿಗ್ಗೆ, ಗ್ರಂಥಾಲಯದ ಮೇಜಿನಲ್ಲಿ, ಮಕ್ಕಳ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದಾಗ. ಓದಿದವರೇ ಫೋನು ಎತ್ತಿದರು.

“ಝಕಿಯಾ, ನಾನು ಸ್ಫಾಕ್ಸಿನ ನಜೀಹಾ. ಕಂಪ್ಯೂಟರ್ ಆರಿಸ್ಬಿಡು ಮಗಳೇ. ಏನೂ ಮುಟ್ಟಬೇಡ.”

“ಲಲ್ಲಾ, ಹೊಸದು ಹಾಕಿ ಆಯ್ತಲ್ಲ. ರಾತ್ರಿಯೆಲ್ಲ ಅದೇನೋ ಜೋಡಿಸ್ಕೋತಾ ಇತ್ತು. ಕಾಪಿ ಯಾವ ಜಾಗದಲ್ಲಿ ಇರತ್ತೆ, ಅದೊಂದು ಹೇಳಿಬಿಡಿ.”

ಹದಿನೇಳು ವರ್ಷದಲ್ಲಿ ಮೊದಲ ಸಲ ನಜೀಹಾ ಅವರಿಗೆ “ಹೆದರಬೇಡ” ಎನ್ನಲು ಬಾಯಿ ಬರಲಿಲ್ಲ.

“ಬೇರೆ ಎಲ್ಲಾದ್ರೂ ಇಟ್ಟಿದ್ದೀಯಾ? ಪೆನ್‌ಡ್ರೈವ್? ಯಾರ ಮನೇಲಾದ್ರೂ?”

“ಅಪ್ಪ ಇಟ್ಟಿರಲಿಲ್ಲ. ಬೇಕಾಗಿಲ್ಲ ಅಂತಿದ್ರು.”

ಮರುದಿನ ಅವರೂ ಮುರಾದರೂ ಲುವಾಜ್ ಹತ್ತಿ, ಹಡಗಿನಲ್ಲಿ ಕಡಲು ದಾಟಿ ಜೆರ್ಬಾಕ್ಕೆ ಹೋದರು. ಐದು ದಿನ ಮುರಾದ್ ಆ ಡಿಸ್ಕನ್ನು ಬಗೆದರು. ಹೆಸರುಗಳು ಬಂದವು, ಸಂಖ್ಯೆಗಳು ಬಂದವು, ಟಿಪ್ಪಣಿಗಳು ಬರಲಿಲ್ಲ. ಅವುಗಳಿದ್ದ ಜಾಗದ ಮೇಲೆಯೇ ಹೊಸ ಆವೃತ್ತಿ ತನ್ನ ಮನೆ ಕಟ್ಟಿಕೊಂಡಿತ್ತು. ಝಕಿಯಾ ಐದು ದಿನವೂ ಇಬ್ಬರಿಗೂ ಅಡುಗೆ ಮಾಡಿ ಬಡಿಸಿದರು. ಒಂದು ಮಾತು ಬೈಯಲಿಲ್ಲ. ಐದನೆಯ ದಿನ, ತಟ್ಟೆ ಎತ್ತುತ್ತ, ಒಂದೇ ಸಲ ಅಂದರು.

“ನಿಮ್ಮೊಬ್ಬರನ್ನೇ ನಂಬಿ ಮಾಡಿದ್ದಲ್ಲ ಲಲ್ಲಾ. ಮುನ್ನೂರ ನಲವತ್ತು ಜನ ನಂಬಿದ್ದಾರಲ್ಲ ಅಂತ ಮಾಡ್ದೆ. ಅವರಲ್ಲಿ ಒಬ್ಬರಾದ್ರೂ ವಾಪಸ್ ಬಂದು ಈಗ ಇದು ಸರಿಯಿಲ್ಲ ಅಂತ ಬರೀಬಾರದಿತ್ತಾ?”

ನಜೀಹಾ ಅವರು, “ಅವರಲ್ಲ ಬರೀಬೇಕಾಗಿದ್ದು. ನಾನು,” ಎಂದರು.

ಸ್ಫಾಕ್ಸಿಗೆ ಮರಳಿ ಬಂದ ಮೇಲೆ ನಜೀಹಾ ಅವರು ಮಾಡಿದ ಮೊದಲ ಕೆಲಸ ಸಿ ಸ್ಲಿಮಾನರ ಅರವತ್ತೊಂದು ಪ್ರಶ್ನೆಗಳನ್ನು ಓದಿದ್ದು. ಏನು ತಪ್ಪಾಗುತ್ತಿದೆಯೆಂದು ತೋರಿಸಲು ಮುದುಕರು ಅಲ್ಲಲ್ಲಿ ತಮ್ಮ ಟಿಪ್ಪಣಿಗಳನ್ನೇ ಪ್ರಶ್ನೆಯಲ್ಲಿ ಅಂಟಿಸಿದ್ದರು. ಹಾಗೆ ಮೂವತ್ತೆಂಟು ಸಿಕ್ಕವು. ಒಂಬತ್ತು ವರ್ಷದ ಬೆರಳಿನ ದುಡಿಮೆಯಲ್ಲಿ, ಎಲ್ಲರ ಎದುರು ಕೇಳಿದ್ದರಿಂದ ಮಾತ್ರ ಉಳಿದವು ಮೂವತ್ತೆಂಟು. ಅವನ್ನು ಹೆಕ್ಕುವಾಗಲೇ ಹದಿನಾಲ್ಕನೆಯ ಪ್ರಶ್ನೆ ಕಣ್ಣಿಗೆ ಬಿತ್ತು. ೨೦೧೧ರದು. “ಇದೆಲ್ಲದರ ಇನ್ನೊಂದು ಪ್ರತಿಯನ್ನು ತಮ್ಮನ ಮನೆಯಲ್ಲಿ ಇಟ್ಟಿರಲೇ ಮಗಳೇ?” ಎಂದು ಅವರು ಕೇಳಿದ್ದರು. ಕೆಳಗೆ ಉತ್ತರ: “ಹೆದರಬೇಡಿ ಸಿ ಸ್ಲಿಮಾನ್, ಅಗತ್ಯವಿಲ್ಲ. ರಫ್ ತಾನೇ ಇಟ್ಟುಕೊಳ್ಳುತ್ತದೆ.”

ಅದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸುವಂತೆಯೂ ಇರಲಿಲ್ಲ, ಹತ್ತು ವರ್ಷದ ಕೆಳಗೆ ಹೂತಿತ್ತು. ನಜೀಹಾ ಅವರು ಅದನ್ನು ಎತ್ತಿ, ಝಕಿಯಾರ ಪ್ರಶ್ನೆಯ ಕೆಳಗೆ ತಾವೇ ಅಂಟಿಸಿ, “ಇದನ್ನೂ ನಾನೇ ಹೇಳಿದ್ದು” ಎಂದು ಬರೆದರು. ಮುರಾದ್ ಅವರಿಗೆ ತಡೆಯಲಾಗಲಿಲ್ಲ, ಗ್ರಂಥಾಲಯಕ್ಕೇ ಬಂದರು.

“ಏನ್ ಲಲ್ಲಾ ಇದು? ಕಾಪಿ ತೆಗೆಯೋದನ್ನ ನಿಲ್ಲಿಸಿದ್ದು ನಾವು. ಮೂರು ಸಾಲಲ್ಲಿ ಮುಚ್ಚಿಟ್ಟಿದ್ದು ನಾವು. ಆ ಹಳೇ ಉತ್ತರ ಅಳಿಸಿಬಿಡೋಣ, ಮುಗೀತು.”

“ಅಳಿಸಿದ್ರೆ, ಅದನ್ನ ಕಾಗದದಲ್ಲಿ ಬರ್ಕೊಂಡು ಗೋಡೆಗೆ ಅಂಟಿಸ್ಕೊಂಡವರಿಗೆ ತಪ್ಪು ಅಂತ ಗೊತ್ತಾಗೋದು ಹೇಗೆ?”

“ಹಾಗಾದ್ರೆ ಏನ್ ಮಾಡೋಣ?”

“ಅಲ್ಲೇ ಇರ್ಲಿ. ಮೇಲೊಂದು ಕೆಂಪು ಗೆರೆ ಎಳಿ. ಗೆರೆ ಮೇಲೆ ನನ್ನ ಹೆಸರು ಹಾಕು.”

ಮುರಾದ್ ಗೆರೆ ಎಳೆದರು. ತಮ್ಮ ಜೀವನದಲ್ಲಿ ಬರೆದ ಕೋಡಿನಲ್ಲೆಲ್ಲ ಅತಿ ಕೆಟ್ಟ ಎರಡು ಸಾಲು ಅವೆಂದು ಈಗಲೂ ಹೇಳುತ್ತಾರೆ.

ಮಿಕ್ಕ ನಾಲ್ಕು ವರ್ಷದ ಕಥೆ ಚಿಕ್ಕದು. ತಮ್ಮ ಸಾವಿರಾರು ಉತ್ತರಗಳಲ್ಲಿ ಇಂಥವು ಇನ್ನೆಷ್ಟಿವೆಯೋ, ಯಾವ ಊರಿನಲ್ಲಿ ಯಾರು ಇವತ್ತು ಅವನ್ನು ಓದುತ್ತಿದ್ದಾರೋ ಎಂಬ ಯೋಚನೆ ಅವರನ್ನು ಹಿಡಿಯಿತು. ಕೆಬಿಲಿಯ ಆ ಮೊದಲ ಉತ್ತರದಿಂದ ಹಿಡಿದು ಒಂದೊಂದನ್ನೂ ಇವತ್ತಿನ ಆವೃತ್ತಿಯಲ್ಲಿ ಮತ್ತೆ ಮಾಡಿ ನೋಡುವುದು. ಸರಿಯಿದ್ದರೆ ದಿನಾಂಕ ಹಾಕುವುದು, ತಪ್ಪಿದ್ದರೆ ಕೆಂಪು ಗೆರೆ ಎಳೆಯುವುದು. ಮಧ್ಯಾಹ್ನ ಓದುಗರು ಹೋದ ಮೇಲೆ ಶುರುಮಾಡಿ, ಕಾವಲುಗಾರ ಕೀಲಿಗೊಂಚಲು ಅಲ್ಲಾಡಿಸುವವರೆಗೆ ಅದೇ ಕೆಲಸ. ನಾವು ಹಲವರು ಕೈಜೋಡಿಸುತ್ತೇವೆಂದೆವು. “ನಾನು ಹರಡಿದ್ದು, ನಾನೇ ಬಳೀತೀನಿ,” ಎಂದು ಬಾಗಿಲು ಹಾಕಿಕೊಂಡರು.

ಹೊಸ ಪ್ರಶ್ನೆಗಳಿಗೆ ಉತ್ತರಿಸುವುದನ್ನು ನಿಲ್ಲಿಸಲಿಲ್ಲ. ಆದರೆ “ಹೆದರಬೇಡಿ” ಎಂಬ ಮಾತು ಅವರ ಉತ್ತರಗಳಿಂದ ಹೋಯಿತು. ಅದರ ಜಾಗದಲ್ಲಿ “ಮೊದಲು ಎರಡು ಕಡೆ ಪ್ರತಿ ಮಾಡಿ, ತೆರೆದು ನೋಡಿ, ಆಮೇಲೆ ಮುಂದಿನದು ಕೇಳಿ” ಎಂದು ಬಂತು. ಹೊಸಬರು, ಈ ಹೆಂಗಸು ಬಹಳ ಗಡಸು ಎಂದು ದೂರಿದರು. ಒಬ್ಬರ ಮೆದುಮಾತು ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ವಿವರಿಸಿ ಹೇಳಲಾಗುವುದಿಲ್ಲ.

ಎರಡು ವರ್ಷದ ಹಿಂದೆ ಅವರ ಎಡಗಣ್ಣಿನ ನಡುವೆ ಒಂದು ಮಸುಕು ಶುರುವಾಯಿತು. ಸಾಲಿನ ತುದಿಗಳು ಕಾಣುತ್ತವೆ, ನಡುವಿನ ಪದ ಕಾಣುವುದಿಲ್ಲ. ಕಳೆದ ಚಳಿಗಾಲದಲ್ಲಿ ಬಲಗಣ್ಣಿಗೂ ಬಂತು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಪರದೆ ನೋಡಬಾರದೆಂದು ವೈದ್ಯರು ಹೇಳಿದರು. ಈ ವಸಂತದಲ್ಲಿ ಲೆಕ್ಕ ತೆಗೆದಾಗ, ಏಳು ಸಾವಿರದ ಇನ್ನೂರ ಎಪ್ಪತ್ತನಾಲ್ಕು ಉತ್ತರಗಳನ್ನು ಪರೀಕ್ಷಿಸಿ ಆಗಿತ್ತು. ಕೆಂಪು ಗೆರೆ ಬಿದ್ದವು ಆರುನೂರಕ್ಕೂ ಮೇಲೆ. ಉಳಿದವು ಎರಡು ಸಾವಿರದ ನೂರ ಮೂವತ್ತೆಂಟು. ದಿನಕ್ಕೆ ಅರ್ಧ ಗಂಟೆಯಲ್ಲಿ ಅವು ಮುಗಿಯುವುದಿಲ್ಲವೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಅವರು ನಿವೃತ್ತರಾಗಲು ಹೆದರಿದ್ದರೆ ಹೆದರಿದ್ದು ಇದಕ್ಕೊಂದಕ್ಕೇ.

ಈ ಸಂಪುಟಕ್ಕೆ ಒಂದು ಲೇಖನ ಬರೆಯಿರೆಂದು ಝಕಿಯಾ ಅವರನ್ನೂ ಕೇಳಲಾಯಿತು.

“ನಾನು ಬರೆಯಲ್ಲ,” ಎಂದರು ಫೋನಿನಲ್ಲಿ. “ಹೊಗಳೋಕೆ ನನ್ನ ಕೈಯಲ್ಲಿ ಆಗಲ್ಲ. ಬೈಯೋಕೂ ಆಗಲ್ಲ. ಆದ್ರೆ ಲಲ್ಲಾನ ಒಂದು ವಿಷಯ ಕೇಳಿ. ಆ ಎಣ್ಣೆ ಗುಡಾಣದ ಪುಸ್ತಕ ಇದೆಯಲ್ಲ, ಅದರ ಬಗ್ಗೆ ಅಪ್ಪ ಬರೆದಿದ್ದು ನಂಗೆ ಅರ್ಧ ನೆನಪಿದೆ, ಅರ್ಧ ಇಲ್ಲ. ಅರ್ಧಂಬರ್ಧ ನೆನಪಿರೋದನ್ನ ಪಟ್ಟಿಗೆ ಹಾಕ್ಬಹುದಾ? ಹಾಕೋದಾದ್ರೆ ಎಲ್ಲಿ ಹಾಕ್ಬೇಕು?”

ನಜೀಹಾ ಅವರಿಗೆ ಇದನ್ನು ಹೇಳಿದಾಗ ಅವರು ಕಂಪ್ಯೂಟರಿನ ಮುಂದೆ ಕೂತರು. ಎರಡು ದಿನ ತೆಗೆದುಕೊಂಡರು. ಅರ್ಧ ಗಂಟೆ, ಅರ್ಧ ಗಂಟೆ. ಮಾಡಿ ನೋಡಿದ ಮೇಲೆ ವೇದಿಕೆಯಲ್ಲಿ ಬರೆದರು: ಟಿಪ್ಪಣಿಯ ಜಾಗದಲ್ಲೇ ಹಾಕಿ, ಮೊದಲ ಪದ ‘ನೆನಪಿನಿಂದ’ ಎಂದಿರಲಿ, ಮರೆತಿರುವ ಕಡೆ ಖಾಲಿ ಬಿಡಿ, ತುಂಬಿಸಬೇಡಿ. ಝಕಿಯಾ ಮರಳಿ ಬಂದು ಅದಕ್ಕೆ ಹಸಿರು ಗುರುತು ಹಾಕಿದರು. ಬೇರೇನೂ ಬರೆಯಲಿಲ್ಲ. ಅವರ ೨೦೨೧ರ ಆ ಹಳೆಯ ಪ್ರಶ್ನೆಗೆ ಮಾತ್ರ ಇನ್ನೂ ಗುರುತಿಲ್ಲ. ಅದು ಹಾಗೆಯೇ ಇರುತ್ತದೆ. ಪ್ರತಿ ಎಲ್ಲಿದೆ ಎಂದು ಹೇಳಬಲ್ಲವರು ಯಾರೂ ಇಲ್ಲ.

ಈ ಸಂಪುಟಕ್ಕೆ ಬರೆದವರು ನಾವು ಇಪ್ಪತ್ತಾರು ಮಂದಿ. ಶಾಲು, ಫಲಕ, ಹೂಗುಚ್ಛ ಏನೂ ಬೇಡವೆಂದು ಅವರು ಮೊದಲೇ ಹೇಳಿದ್ದರಿಂದ, ಉಳಿದ ಉತ್ತರಗಳನ್ನು ನಾವು ತಲೆಗೆ ಎಂಬತ್ತೆರಡರಂತೆ ಹಂಚಿಕೊಂಡು, ಪಟ್ಟಿಯನ್ನು ಅವರ ಮುಂದೆ ಇಟ್ಟೆವು. ಈ ಸಲ ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಹಾಳೆಯನ್ನು ಮುಖದ ಪಕ್ಕಕ್ಕೆ, ಮಸುಕಿಲ್ಲದ ಅಂಚಿಗೆ ಹಿಡಿದು ಓದಿದರು. ಎಣಿಕೆ ಅವರ ಕಣ್ಣು ತಪ್ಪಿಸುವುದಿಲ್ಲ.

“ಆರು ಮಿಕ್ತಲ್ಲ?”

ಆ ಆರನ್ನೂ ಯಾರಾದರೂ ನೋಡಿಕೊಳ್ಳುತ್ತಾರೆ ಎಂದೆವು.

“ಬೇಡ. ಅವು ನಂಗಿರ್ಲಿ. ಮನೇಲಿ ಸುಮ್ಮನೆ ಕೂತು ಏನ್ ಮಾಡ್ಲಿ?”

ಲಲ್ಲಾ ನಜೀಹಾ ಅವರಿಗೆ ದೀರ್ಘಾಯುಷ್ಯವಿರಲಿ, ಕಣ್ಣಂಚಿನ ಬೆಳಕು ಅವರನ್ನು ಬಿಡದಿರಲಿ. ಆ ಆರು ಉತ್ತರಗಳು ನಿಧಾನವಾಗಿ, ಬಹಳ ನಿಧಾನವಾಗಿ ಮುಗಿಯಲಿ. ಮಿಕ್ಕವು ನಮ್ಮ ಪಾಲಿನವು. ‘ಹೆದರಬೇಡಿ’ ಎಂದು ಅವರಿಗೆ ಬರೆಯುವ ಹಕ್ಕು ನಮಗಿಲ್ಲ. ಬರೆಯಬಹುದಾದದ್ದು ಇಷ್ಟು: ನಿಮ್ಮ ಒಂಬತ್ತು ಸಾವಿರದ ನಾನೂರ ಹನ್ನೆರಡು ಉತ್ತರಗಳ ಪ್ರತಿ ಈಗ ಎರಡು ಕಡೆ ಇದೆ, ಒಂದು ಸ್ಫಾಕ್ಸಿನಲ್ಲಿ, ಒಂದು ಜೆರ್ಬಾದಲ್ಲಿ. ಎರಡನ್ನೂ ತೆರೆದು ನೋಡಿದ್ದೇವೆ. ಓದಲು ಬರುತ್ತದೆ.